ಟೈರಿನ ಲೆಕ್ಕದಿಂದ ಕೊಟ್ಟಿಗೆಯ ಕಾರನ್ನು ಹುಡುಕಿದ ನನ್ನ ಅನುಭವ

ಕೊಟ್ಟಿಗೆಯಲ್ಲೋ ಹಳೆಯ ಗೋದಾಮಿನಲ್ಲೋ ದಶಕಗಟ್ಟಲೆ ಮರೆಯಾಗಿ ನಿಂತ ಅಪರೂಪದ ಕಾರು ಬೇಕಿದ್ದರೆ ರಸ್ತೆ ರಸ್ತೆ ಸುತ್ತಬೇಕು, ಸಿಕ್ಕಸಿಕ್ಕವರನ್ನು ವಿಚಾರಿಸಬೇಕು, ಉಳಿದದ್ದು ಅದೃಷ್ಟ ಎಂಬ ನಂಬಿಕೆ ನಮ್ಮ ಹವ್ಯಾಸಿಗಳಲ್ಲಿ ಬಲವಾಗಿ ಬೇರೂರಿದೆ. ಹಳೆಯ ಕಾಗದಗಳನ್ನು ಒಂದಕ್ಕೊಂದು ತಾಳೆ ನೋಡಿಯೇ ಕಾರಿನ ಜಾಡು ಹಿಡಿಯಬಹುದೆಂದು ನಾನು ಹೇಳಿದಾಗಲೆಲ್ಲ ಹಿರಿಯ ಸಂಗ್ರಾಹಕರು ಅದನ್ನು ಕಾಲಹರಣವೆಂದು ತಳ್ಳಿಹಾಕುತ್ತಿದ್ದರು. ಈಗ ಎಕ್ಸ್‌ಕೆ 120 ಮಾದರಿಯ ಜಾಗ್ವಾರ್ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರೊಂದು ನನ್ನ ಶೆಡ್ಡಿನಲ್ಲಿದೆ. ಅದರ ಎಂಜಿನ್ ತನ್ನ ಮೂಲ ಪಿಸ್ಟನ್‌ಗಳ ಮೇಲೆಯೇ ಓಡುತ್ತಿದೆ. ಆದ್ದರಿಂದ ಈ ವಿಧಾನವನ್ನು ಬರೆದಿಡುವ ಕಾಲ ಬಂದಿದೆ ಎಂದು ಭಾವಿಸಿದ್ದೇನೆ.

ಮೊದಲು ವದಂತಿಗಳ ಸ್ವಭಾವದ ಬಗ್ಗೆ ಹೇಳಬೇಕು. ವದಂತಿ ಬಾಯಿಂದ ಬಾಯಿಗೆ ಹೋಗುವಾಗ ಕಾರಿನ ಅಂತಸ್ತು ಏರುತ್ತಲೇ ಹೋಗುತ್ತದೆ. ಟ್ರಯಂಫ್ ಇದ್ದದ್ದು ಜಾಗ್ವಾರ್ ಆಗುತ್ತದೆ, ಜಾಗ್ವಾರ್ ಇದ್ದದ್ದು ಫೆರಾರಿ ಆಗುತ್ತದೆ, ಒಂದು ಕಾರು ಇದ್ದ ಕಡೆ ಐದು ಹುಟ್ಟಿಕೊಳ್ಳುತ್ತವೆ. ಸುಮಾರು 2007ರಲ್ಲಿ ಪೋರ್ಚುಗಲ್‌ನ ಒಂದು ಕಟ್ಟಡದ ಚಿತ್ರಗಳು ಲೋಕವೆಲ್ಲ ಹರಿದಾಡಿದ್ದನ್ನು ನೀವೂ ನೋಡಿರುತ್ತೀರಿ. ಹಳೆಯ ಜಮೀನು ಕೊಂಡ ದಂಪತಿಗಳು ಬೆಸುಗೆ ಹಾಕಿದ ಬಾಗಿಲನ್ನು ಒಡೆದು ನೋಡಿದಾಗ ನೂರಾರು ಕಾರುಗಳು ಸಿಕ್ಕವೆಂಬ ಕತೆ ಅವುಗಳ ಜೊತೆಗಿತ್ತು. ಕಾರುಗಳು ನಿಜವಾಗಿದ್ದವು, ಕತೆ ನಿಜವಾಗಿರಲಿಲ್ಲ. ಕಾರು ವ್ಯಾಪಾರಿಯೊಬ್ಬರು ತಮಗೆ ಹಿಡಿಸಿದ ವಾಹನಗಳನ್ನು ಕೂಡಿಟ್ಟು ಬೀಗ ಹಾಕಿದ್ದರು, ಅವು ಯಾರಿಗೂ ಕಳೆದುಹೋಗಿರಲಿಲ್ಲ.

ಆದರೆ ವದಂತಿಯಲ್ಲಿ ಕೆಡದೆ ಉಳಿಯುವ ಭಾಗವೂ ಇದೆ ಎಂಬುದನ್ನು ನಾನು ನಿಧಾನವಾಗಿ ಕಂಡುಕೊಂಡೆ. ಕಾರಿನ ಹೆಸರು, ಸಂಖ್ಯೆ, ಬೆಲೆ ಇವೆಲ್ಲ ಬದಲಾಗುತ್ತವೆ. ಕಾರು ಏಕೆ ನಿಂತಿತು ಮತ್ತು ಸುಮಾರು ಯಾವಾಗ ನಿಂತಿತು ಎಂಬುದು ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ, ಏಕೆಂದರೆ ಅದು ಒಂದು ಕುಟುಂಬದ ಸಾವು, ಜಗಳ ಅಥವಾ ದಿವಾಳಿಯೊಂದಿಗೆ ಹೆಣೆದುಕೊಂಡಿರುತ್ತದೆ, ಮತ್ತು ಜನ ಯಂತ್ರದ ವಿವರವನ್ನು ಮರೆತರೂ ಮನೆತನದ ವಿಷಯವನ್ನು ಮರೆಯುವುದಿಲ್ಲ. ಹಾಗಾಗಿ ನನ್ನ ಪುಸ್ತಕದಲ್ಲಿ ಪ್ರತಿಯೊಂದು ವದಂತಿಗೂ ಕಾರಿನ ಹೆಸರಿನ ಅಂಕಣವನ್ನು ಖಾಲಿ ಬಿಟ್ಟು, ನಿಂತ ವರ್ಷ, ನಿಂತ ಕಾರಣ, ಕೊನೆಗೆ ಯಾರ ಕೈಯಲ್ಲಿ ರಿಪೇರಿಯಾಗಿತ್ತು ಎಂಬ ಮೂರನ್ನೇ ಬರೆದುಕೊಳ್ಳತೊಡಗಿದೆ.

ಇದಕ್ಕೂ ಮೊದಲು ಹಿರಿಯರು ಹೇಳಿದ ದಾರಿಗಳನ್ನೆಲ್ಲ ನಾನು ಶ್ರದ್ಧೆಯಿಂದಲೇ ಹಿಡಿದಿದ್ದೆ ಮತ್ತು ಅವುಗಳಿಗೆ ಹಣವನ್ನೂ ಸುರಿದಿದ್ದೆ. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಾಗ ಬಂದವರಲ್ಲಿ ಹೆಚ್ಚಿನವರು ಸಾಮಾನ್ಯ ಸೆಡಾನ್‌ಗೆ ರೇಸ್ ಕಾರಿನ ಬೆಲೆ ಕೇಳುವವರು. ಸುಳಿವು ತಂದವರಿಗೆ ಮುಂಗಡ ಕೊಡುವ ಪದ್ಧತಿಯಿಂದ ಸುಳಿವುಗಳು ಹೆಚ್ಚಾದವೇ ಹೊರತು ಕಾರುಗಳು ಹೆಚ್ಚಾಗಲಿಲ್ಲ. ಉಪಗ್ರಹ ಚಿತ್ರಗಳಲ್ಲಿ ಹಳೆಯ ಛಾವಣಿಗಳನ್ನು ಗುರುತು ಹಾಕಿಕೊಂಡು ಹೊರಟ ಕಾಲವೂ ಒಂದಿತ್ತು. ಛಾವಣಿ ನೋಡಿದರೆ ಛಾವಣಿ ಮಾತ್ರ ಕಾಣುತ್ತದೆ.

ಎಲ್ಲಕ್ಕಿಂತ ದುಬಾರಿಯಾದದ್ದು ಕಟ್ಟುಕತೆಯ ಕಾರುಗಳ ಪರಿಶೀಲನೆ. ಇತ್ತೀಚೆಗೆ ದೂಳಿಗೇ ಬೆಲೆ ಬಂದಿರುವುದರಿಂದ, ಓಡಾಡುತ್ತಿದ್ದ ಕಾರಿನ ಮೇಲೆ ದೂಳು ಎರಚಿ, ಹುಲ್ಲಿನ ಹೊರೆ ಪಕ್ಕಕ್ಕಿಟ್ಟು ಮಾರುವವರಿದ್ದಾರೆ. ನಿಜವಾದ ದೂಳು ಪದರ ಪದರವಾಗಿ ಕೂತು ಗಟ್ಟಿಯಾಗಿರುತ್ತದೆ, ಕೆಳಮುಖದ ಅಂಚುಗಳಲ್ಲಿ ಬಹಳ ತೆಳುವಾಗಿರುತ್ತದೆ. ಎರಚಿದ್ದು ಎಲ್ಲ ಕಡೆಯೂ ಒಂದೇ ಸಮ ಇರುತ್ತದೆ. ಇದಕ್ಕಿಂತ ಖಚಿತವಾದದ್ದು ಟೈರಿನ ಪಕ್ಕದ ಸಂಕೇತ. 2000ಕ್ಕೆ ಮುಂಚಿನ ಟೈರುಗಳಲ್ಲಿ ತಯಾರಾದ ವಾರ ಮತ್ತು ವರ್ಷ ಸೂಚಿಸುವ ಅಂಕಿ ಮೂರು, ಅನಂತರದವುಗಳಲ್ಲಿ ನಾಲ್ಕು. 1974ರಿಂದ ಅಲುಗಾಡಿಲ್ಲವೆಂದು ನನಗೆ ತೋರಿಸಿದ ಒಂದು ಸ್ಪೋರ್ಟ್ಸ್ ಕಾರಿನ ಹಿಂದಿನ ಟೈರಿನಲ್ಲಿ ನಾಲ್ಕು ಅಂಕಿಗಳಿದ್ದವು. ನಾನು ಮರುಮಾತಾಡದೆ ಟಾರ್ಚ್ ಆರಿಸಿ ಹೊರಬಂದೆ.

ಟೈರನ್ನು ಹೀಗೆ ನೋಡುತ್ತಾ ನೋಡುತ್ತಾ ನನ್ನ ವಿಧಾನದ ಮುಖ್ಯ ಎಳೆ ಕೈಗೆ ಸಿಕ್ಕಿತು. ಇಂಥ ಹಲವು ಮಾದರಿಗಳ ಅಭಿಮಾನಿ ಸಂಘಗಳು ಚಾಸಿಸ್ ಸಂಖ್ಯೆಗಳ, ಅಂದರೆ ಕಾರ್ಖಾನೆ ಪ್ರತಿ ಕಾರಿನ ಅಡಿಚೌಕಟ್ಟಿಗೆ ಕೊಟ್ಟ ಗುರುತಿನ ಸಂಖ್ಯೆಗಳ, ಪಟ್ಟಿಯನ್ನು ಇಟ್ಟಿರುತ್ತವೆ. ಹುಡುಕುವವರೆಲ್ಲ ಆ ಪಟ್ಟಿಯಲ್ಲಿ ಬದುಕಿರುವ ಕಾರುಗಳನ್ನು ನೋಡುತ್ತಾರೆ, ನಾನು ಮೌನವಾದ ಸಂಖ್ಯೆಗಳನ್ನು, ಅಂದರೆ ಯಾವುದೋ ವರ್ಷದವರೆಗೆ ಮಾಹಿತಿ ಇದ್ದು ಆಮೇಲೆ ಮಾರಾಟವೂ ಇಲ್ಲದ, ಗುಜರಿಗೆ ಹೋದ ದಾಖಲೆಯೂ ಇಲ್ಲದ ಸಂಖ್ಯೆಗಳನ್ನು ಮಾತ್ರ ಬೇರೆ ಬರೆದುಕೊಂಡೆ. ನ್ಯೂಕ್ಯಾಸಲ್ ಬಳಿ ವೈದ್ಯರೊಬ್ಬರ ಗ್ಯಾರೇಜಿನಲ್ಲಿ 1960ರ ದಶಕದಿಂದ ನಿಂತಿದ್ದು 2009ರಲ್ಲಿ ಪ್ಯಾರಿಸ್ ಹರಾಜಿನಲ್ಲಿ ಸುಮಾರು 34 ಲಕ್ಷ ಯೂರೋಗೆ ಹೋದ ಬುಗಾಟಿ 57ಎಸ್ ಅಟಲಾಂಟ್ ಪತ್ರಿಕೆಗಳಿಗೆ ಅಚ್ಚರಿಯಾಗಿತ್ತು, ಆದರೆ ಅದರ ಚಾಸಿಸ್ ಸಂಖ್ಯೆಯೂ ಮೊದಲ ಮಾಲೀಕರ ಹೆಸರೂ ಬುಗಾಟಿ ಬಲ್ಲವರಿಗೆ ಗೊತ್ತಿದ್ದವು. ಫ್ರಾನ್ಸಿನ ಸಾರಿಗೆ ಉದ್ಯಮಿ ಬೈಯೋನ್ ಅವರ ಸಂಗ್ರಹವೂ ಹಾಗೆಯೇ. 1970ರ ದಶಕದ ಕೊನೆಗೆ ಆ ಸಾರಿಗೆ ಉದ್ಯಮಿಯ ವ್ಯವಹಾರ ಕುಸಿದಾಗ ಒಂದಷ್ಟು ಕಾರುಗಳು ಮಾರಾಟವಾಗಿದ್ದವು, ಉಳಿದವು ಎಲ್ಲಿ ಎಂಬ ಪ್ರಶ್ನೆಯನ್ನು ಯಾರೇ ಕೇಳಿಕೊಳ್ಳಬಹುದಿತ್ತು. 2014ರಲ್ಲಿ ಬೆಳಕಿಗೆ ಬಂದ ಸುಮಾರು 60 ಕಾರುಗಳಲ್ಲಿ ಹಳೆಯ ಪತ್ರಿಕೆಗಳ ರಾಶಿಯಡಿ ನಿಂತಿದ್ದ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಒಂದೇ 2015ರಲ್ಲಿ 1 ಕೋಟಿ 60 ಲಕ್ಷ ಯೂರೋಗಿಂತ ಹೆಚ್ಚು ತಂದಿತು.

ಮೌನವಾದ ಸಂಖ್ಯೆಯ ಕೊನೆಯ ಮಾಲೀಕನ ಊರು ಗೊತ್ತಾದ ಮೇಲೆ ನಾನು ಕಾರು ಕಂಡವರನ್ನು ಹುಡುಕುವುದಿಲ್ಲ, ಆ ಕಾರಿಗೆ ಬಿಡಿಭಾಗ ಮಾರಿದವರನ್ನು ಹುಡುಕುತ್ತೇನೆ. ಕ್ರೋಮ್ ಲೇಪನದವರು, ಸೀಟಿನ ಚರ್ಮ ಹೊಲಿಯುವವರು, ಕಾರ್ಬ್ಯುರೇಟರ್ ರಿಪೇರಿಯವರು ಉಪಯೋಗಕ್ಕೆ ಬರುತ್ತಾರೆ, ಆದರೆ ಟೈರ್ ವ್ಯಾಪಾರಿಯ ಹಳೆಯ ಖಾತೆ ಪುಸ್ತಕಕ್ಕೆ ಸಮನಾದದ್ದು ಬೇರೊಂದಿಲ್ಲ. ಎಕ್ಸ್‌ಕೆ 120ಕ್ಕೆ 6.00-16 ಅಳತೆಯ (ಆರು ಇಂಚು ಅಗಲದ, ಹದಿನಾರು ಇಂಚಿನ ಚಕ್ರಕ್ಕೆ ಕೂರುವ) ಟೈರ್ ಬೇಕು. 1960ರ ದಶಕದ ನಡುವಿಗೆ ಆ ಅಳತೆಯನ್ನು ಕೊಳ್ಳುವ ಖಾಸಗಿ ಗಿರಾಕಿಗಳು ವಿರಳವಾಗುತ್ತಾ ಬಂದಿದ್ದರು. ಅಂಥ ಒಂದು ಪುಸ್ತಕದಲ್ಲಿ ಒಂದೇ ಮನೆತನದ ಹೆಸರಿನ ಮುಂದೆ ಆ ಅಳತೆ ಕೆಲವು ವರ್ಷ ಕಾಣಿಸಿಕೊಂಡು, ಒಂದು ವರ್ಷದಿಂದೀಚೆಗೆ ಮಾಯವಾಗಿತ್ತು. ನನ್ನ ವದಂತಿ ಪುಸ್ತಕದಲ್ಲಿ ಅದೇ ವರ್ಷದ ಮುಂದೆ ಒಂದು ಮನೆಯ ಹಿರಿಮಗನ ಸಾವಿನ ಉಲ್ಲೇಖವಿತ್ತು, ಆ ವದಂತಿಯ ಪ್ರಕಾರ ಅಲ್ಲಿ ಎರಡು ಫೆರಾರಿಗಳಿರಬೇಕಿತ್ತು.

ಆ ವದಂತಿಯನ್ನು ಹೇಳಿದ್ದ ಹಿರಿಯರನ್ನು ಮತ್ತೊಮ್ಮೆ ಕಂಡು, ಹೆಸರನ್ನು ಬಿಟ್ಟು ಆಕಾರವನ್ನಷ್ಟೇ ಹೇಳಬೇಕೆಂದು ವಿನಂತಿಸಿಕೊಂಡೆ. ಎರಡೇ ಜನ ಕೂರುವ ಕಾರು, ಹಿಂದಿನ ಚಕ್ರಗಳು ತಗಡಿನೊಳಗೆ ಮುಚ್ಚಿಕೊಂಡಿದ್ದವು ಎಂದರು. ಕಡ್ಡಿಗಳಿಲ್ಲದ ಡಿಸ್ಕ್ ಚಕ್ರಗಳಿರುವ ಎಕ್ಸ್‌ಕೆ 120ರಲ್ಲಿ ಹಿಂಚಕ್ರಗಳಿಗೆ ಆ ಮುಚ್ಚಳಗಳಿರುತ್ತವೆಂದು ನಿಮಗೆ ಹೇಳಬೇಕಾಗಿಲ್ಲ. ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಮಾಲೀಕರ ಮನೆಗೆ ನಾನು ನೇರವಾಗಿ ಹೋಗಲಿಲ್ಲ. ಕೈಬರಹದ ಪತ್ರ ಬರೆದೆ, ಅದರಲ್ಲಿ ಕೊಳ್ಳುವ ಮಾತನ್ನಾಗಲಿ ಬೆಲೆಯನ್ನಾಗಲಿ ಎತ್ತಲಿಲ್ಲ. ಆ ಪತ್ರದ ಎರಡನೆಯ ವಾಕ್ಯವೇ ಬಾಗಿಲು ತೆರೆಸಿತೆಂದು ನಾನು ನಂಬಿದ್ದೇನೆ, ಅದು ಏನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಉತ್ತರ ಬರಲು ಸುಮಾರು ಅರ್ಧ ವರ್ಷ ಹಿಡಿಯಿತು. ತೀರಿಕೊಂಡವರ ತಂಗಿ, ತುಂಬ ವಯಸ್ಸಾದವರು, ತಾವೇ ಬೀಗದ ಕೈ ತಂದರು. ಮೊದಲ ಭೇಟಿಯಲ್ಲಿ ನಾನು ಕಾರಿಗಿಂತ ಹೆಚ್ಚಾಗಿ ಅವರ ಅಣ್ಣನ ಬಗ್ಗೆಯೇ ಕೇಳಿದೆ, ನನಗೆ ಅದರಲ್ಲಿ ನಿಜವಾದ ಆಸಕ್ತಿಯೂ ಇತ್ತು. “ಕಾರನ್ನು ಕೇಳಿಕೊಂಡು ಬಂದವರು ಬಹಳ ಮಂದಿ, ನಮ್ಮ ಅಣ್ಣ ಹೇಗೆ ಓಡಿಸುತ್ತಿದ್ದ ಎಂದು ಕೇಳಿದವರು ನೀವೇ ಮೊದಲು” ಎಂದು ಅವರು ಹೇಳಿದರು.

ಕಾರಿನ ಮೈ ಯಾವ ಲೋಹದ್ದೆಂದು ತಿಳಿಯಲು ಮಾಡುವ ಅಯಸ್ಕಾಂತದ ಪರೀಕ್ಷೆಯಲ್ಲಿ ಒಂದು ಎಚ್ಚರಿಕೆ ಅಗತ್ಯ. 1948ರಲ್ಲಿ ಲಂಡನ್ ಪ್ರದರ್ಶನದಲ್ಲಿ ಹೊರಬಂದ ಈ ಮಾದರಿಯ ಮೊದಲ 240ರಷ್ಟು ಕಾರುಗಳ ಮೈ ಪೂರ್ತಿ ಅಲ್ಯೂಮಿನಿಯಂ, ಅನಂತರದ್ದು ಉಕ್ಕು. ಆದರೆ ಉಕ್ಕಿನ ಕಾರುಗಳಲ್ಲಿಯೂ ಬಾನೆಟ್, ಬಾಗಿಲು ಮತ್ತು ಡಿಕ್ಕಿಯ ಮುಚ್ಚಳ ಅಲ್ಯೂಮಿನಿಯಂನವೇ. ಬಾಗಿಲಿಗೆ ಅಯಸ್ಕಾಂತ ಅಂಟದಿದ್ದುದರಿಂದ ಪೂರ್ತಿ ಅಲ್ಯೂಮಿನಿಯಂ ಕಾರೇ ಸಿಕ್ಕಿತೆಂದು ಕುಣಿದು, ಮೂರ್ನಾಲ್ಕು ಪಟ್ಟು ಬೆಲೆ ಕೊಟ್ಟವರನ್ನು ನಾನು ಬಲ್ಲೆ. ಮಡ್‌ಗಾರ್ಡಿಗೆ ಹಿಡಿದು ನೋಡಬೇಕು. ನನ್ನದು ಉಕ್ಕಿನದು, ಸುಮಾರು 12,000ದಲ್ಲಿ ಒಂದು, ಆದರೆ ಎಂಜಿನ್ ಬ್ಲಾಕಿನ ಮೇಲಿನ ಮತ್ತು ಸಿಲಿಂಡರ್ ಹೆಡ್ಡಿನ ಮೇಲಿನ ಸಂಖ್ಯೆ ಒಂದೇ, ಅದು ಕಾರ್ಖಾನೆಯ ಗುರುತಿನ ಫಲಕದ ಸಂಖ್ಯೆಗೂ ಹೊಂದುತ್ತದೆ. ಜಾಗ್ವಾರ್ ಕಾರ್ಖಾನೆಯ ಹಳೆಯ ದಾಖಲೆಗಳನ್ನು ಕಾಯುವ ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟಿನ ಪ್ರಮಾಣಪತ್ರ ತರಿಸಿದಾಗ ಮೂಲ ಬಣ್ಣವೂ ತಾಳೆಯಾಯಿತು. ಇಂಥದ್ದು ನಮ್ಮ ವಲಯದಲ್ಲಿ ಹೆಚ್ಚು ಜನರ ಕೈಗೆ ಸಿಕ್ಕಿಲ್ಲ.

ಹಣದ ವಿಷಯವನ್ನು ಪಾಲುಗಳಲ್ಲಿ ಹೇಳುತ್ತೇನೆ. ಒಟ್ಟು ವೆಚ್ಚ ನೂರು ಎಂದಿಟ್ಟುಕೊಂಡರೆ ಕಾರಿಗೆ ಕೊಟ್ಟದ್ದು ಸುಮಾರು 45, ಹುಡುಕಾಟಕ್ಕೆ ಹೋದದ್ದು 12ರಷ್ಟು, ಹೊರತೆಗೆದು ಸಾಗಿಸಲು 4 ಅಥವಾ 5, ಉಳಿದದ್ದೆಲ್ಲ ಎಂಜಿನ್, ಬ್ರೇಕ್ ಮತ್ತು ವೈರಿಂಗ್ ನುಂಗಿದವು. ಹುಡುಕಾಟದ 12ರಲ್ಲಿ ಹತ್ತರಷ್ಟು ಹಳೆಯ ದಾರಿಗಳಿಗೆ ವ್ಯರ್ಥವಾದದ್ದು, ಕಾಗದದ ದಾರಿಗೆ ತಗುಲಿದ್ದು ಎರಡು ಮಾತ್ರ. ಮೈಯ ಬಣ್ಣವನ್ನು ಮುಟ್ಟದಿರುವುದರಿಂದಲೇ ಲೆಕ್ಕ ಇಷ್ಟರಲ್ಲಿ ನಿಂತಿದೆ. ಪೂರ್ಣ ಪುನರುಜ್ಜೀವನಕ್ಕೆ ಇಳಿದಿದ್ದರೆ ವೆಚ್ಚ ಕಾರಿನ ಮಾರುಕಟ್ಟೆ ಬೆಲೆಯನ್ನು ಖಂಡಿತ ದಾಟುತ್ತಿತ್ತು.

ಹೊರತೆಗೆಯುವಾಗ ಇಲಿಗಳ ಗೂಡನ್ನು ಒಣದಾಗಿ ಗುಡಿಸಬಾರದು. ಹಂಟಾವೈರಸ್ ಎಂಬ ರೋಗಾಣು ಆ ದೂಳಿನಲ್ಲೇ ಬರುತ್ತದೆ, ಆದ್ದರಿಂದ ಮುಖಗವಸು ಹಾಕಿ ಸೋಂಕುನಿವಾರಕದಿಂದ ಒದ್ದೆ ಮಾಡಿಯೇ ತೆಗೆಯಬೇಕು. ಬ್ರೇಕ್ ಡ್ರಮ್ಮಿನೊಳಗಿನ ದೂಳಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವುದರಿಂದ ಅಲ್ಲಿಯೂ ಗಾಳಿ ಊದುವಂತಿಲ್ಲ. ನಾಲ್ಕೂ ಚಕ್ರ ಹಿಡಿದುಕೊಂಡಿದ್ದರಿಂದ ಎಳೆಯದೆ, ಚಕ್ರದಡಿಗೆ ಉರುಳು ಹಲಗೆ ಕೊಟ್ಟು ಸರಿಸಿದೆವು.

ತುಕ್ಕಿನಿಂದ ತಿರುಗದಂತೆ ಹಿಡಿದುಕೊಂಡ ಎಂಜಿನ್ನನ್ನು ಬಿಡಿಸುವ ದ್ರಾವಣದ ಬಗ್ಗೆ ಪ್ರತಿಯೊಬ್ಬರಿಗೂ ಒಂದೊಂದು ಪಂಥವಿದೆ. ಇದಕ್ಕಾಗಿ ನಾನು ಗುಜರಿಯಿಂದ ತುಕ್ಕು ಹಿಡಿದ ಒಂದು ಬ್ಲಾಕ್ ತಂದು, ಬೇರೆ ಬೇರೆ ಸಿಲಿಂಡರಿಗೆ ಡೀಸೆಲ್, ಅಂಗಡಿಯ ತುಕ್ಕುಬಿಡಿಸುವ ಎಣ್ಣೆ, ಮತ್ತು ಸಮಪಾಲಿನ ಅಸಿಟೋನ್ ಹಾಗೂ ಆಟೋಮ್ಯಾಟಿಕ್ ಗೇರ್ ಎಣ್ಣೆಯ ಮಿಶ್ರಣವನ್ನು ಹಾಕಿ ಕಾದೆ. ಮಿಶ್ರಣವೇ ಎಲ್ಲಕ್ಕಿಂತ ಬೇಗ ಕೆಳಗೆ ಇಳಿಯಿತು, ಆದರೆ ಅದು ಬೇರ್ಪಡುವುದರಿಂದ ಪ್ರತಿ ಸಲ ಕುಲುಕಿ ಹಾಕಬೇಕು. ಎಕ್ಸ್‌ಕೆ ಎಂಜಿನ್ನಿನಲ್ಲಿ ಇನ್ನೊಂದು ಅಪಾಯವಿದೆ. ಕವಾಟವೊಂದು ತೆರೆದ ಸ್ಥಿತಿಯಲ್ಲಿ ಅಂಟಿಕೊಂಡಿದ್ದಾಗ ಕ್ರ್ಯಾಂಕ್, ಅಂದರೆ ಎಂಜಿನ್ನಿನ ಮುಖ್ಯ ಅಚ್ಚು, ತಿರುಗಿಸಿದರೆ ಪಿಸ್ಟನ್ ತಗುಲಿ ಆ ಕವಾಟ ಬಾಗುತ್ತದೆ, ಆದ್ದರಿಂದ ಕವಾಟಗಳ ಮೇಲಿನ ಕ್ಯಾಮ್ ಮುಚ್ಚಳ ಬಿಚ್ಚಿ ಹನ್ನೆರಡು ಕವಾಟಗಳೂ ಚಲಿಸುತ್ತವೆಯೇ ಎಂದು ಖಚಿತಪಡಿಸಿಕೊಂಡ ಮೇಲೆಯೇ ಕ್ರ್ಯಾಂಕಿಗೆ ಕೈ ಹಾಕಿದೆ. ವಾರಗಟ್ಟಲೆ ನೆನೆಸಿ, ದಿನವೂ ಉದ್ದನೆಯ ಸರಳಿನಿಂದ ಹಿಂದೆ ಮುಂದೆ ಮೆಲ್ಲಗೆ ಒತ್ತಿದಾಗ ಅದು ಬೆರಳಗಲ ಜರುಗಿತು. ನೆನೆಸುವಾಗ ಮಿಶ್ರಣಕ್ಕೆ ಕೊಡುತ್ತಿದ್ದ ಶಾಖದ ಕ್ರಮವನ್ನು ನಾನು ಹೇಳುವುದಿಲ್ಲ, ಏಕೆಂದರೆ ಅಸಿಟೋನ್ ಬೇಗ ಹೊತ್ತಿಕೊಳ್ಳುವ ವಸ್ತು ಮತ್ತು ಕೈಪಳಗಿಲ್ಲದವರು ಅದನ್ನು ಅನುಕರಿಸಬಾರದು.

ಚಿಕ್ಕ ಕಬ್ಬಿಣದ ಭಾಗಗಳ ತುಕ್ಕಿಗೆ ಕಾಕಂಬಿ ಮತ್ತು ವಿದ್ಯುತ್ ಎರಡನ್ನೂ ಹೋಲಿಸಿ ನೋಡಿದೆ. ಒಂದು ಪಾಲು ಕಾಕಂಬಿಗೆ ಹತ್ತರಷ್ಟು ನೀರು ಬೆರೆಸಿ ಎರಡು ಮೂರು ವಾರ ಬಿಟ್ಟರೆ ಲೋಹ ಬೂದುಬಣ್ಣಕ್ಕೆ ಬರುತ್ತದೆ, ನಾತ ಮಾತ್ರ ಸಹಿಸಲಾಗದು. ಅಲ್ಯೂಮಿನಿಯಂ ಮತ್ತು ಸತುವಿನ ಎರಕದ ಭಾಗಗಳನ್ನು ಅದರಲ್ಲಿ ಹಾಕಿದರೆ ಹಾಳಾಗುತ್ತವೆ. ವಾಷಿಂಗ್ ಸೋಡಾದ ನೀರಿನಲ್ಲಿ ಬ್ಯಾಟರಿ ಚಾರ್ಜರ್ ಜೋಡಿಸುವ ವಿಧಾನ ಒಂದೆರಡು ದಿನಗಳಲ್ಲಿ ಮುಗಿಯುತ್ತದೆ, ಆದರೆ ಚಾರ್ಜರಿನ ಇನ್ನೊಂದು ತಂತಿಗೆ ಜೋಡಿಸಿ ನೀರಿನಲ್ಲಿಡುವ ಎದುರಿನ ತಗಡು ಸಾದಾ ಕಬ್ಬಿಣದ್ದೇ ಆಗಿರಬೇಕು. ಸ್ಟೇನ್‌ಲೆಸ್ ಸ್ಟೀಲ್ ಇಟ್ಟರೆ ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ಇದನ್ನು ಮಾಡಬಾರದು, ಜಲಜನಕ ಹೊರಡುತ್ತದೆ.

ದೂಳನ್ನು ತೊಳೆಯಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ನನ್ನ ನಿಲುವು ಸ್ಪಷ್ಟ. ದೂಳು ತೇವ ಹಿಡಿಯುತ್ತದೆ, ತೇವ ಬಣ್ಣವನ್ನು ತಿನ್ನುತ್ತದೆ. ಛಾಯಾಚಿತ್ರ ತೆಗೆದಿಟ್ಟುಕೊಂಡು ತೊಳೆದೆ, ಕಾರ್ಖಾನೆಯ ಬಣ್ಣ ಮುಕ್ಕಾಲು ಪಾಲು ಉಳಿದಿದೆ. ಎಂಜಿನ್ ಬಿಸಿಯಾದ ಮೇಲೆ ಎಣ್ಣೆಯ ಒತ್ತಡ ಚದರ ಇಂಚಿಗೆ 40 ಪೌಂಡಿನ ಆಸುಪಾಸಿನಲ್ಲಿ ನಿಲ್ಲುತ್ತದೆ, ಹಿಂದಿನ ಬ್ರೇಕಿನ ಕೆಲಸ ಬಾಕಿ ಇದೆ. ಈ ನಡುವೆ ಪಟ್ಟಿಯ ಇನ್ನೊಂದು ಮೌನ ಸಂಖ್ಯೆಗೆ ಟೈರಿನ ಲೆಕ್ಕವೂ ಸಾವಿನ ವರ್ಷವೂ ತಾಳೆಯಾಗಿವೆ, ಆ ಮನೆಗೆ ಪತ್ರ ಹೋಗಿ ಎರಡು ತಿಂಗಳಾಗುತ್ತಾ ಬಂತು.