ರೆಫರ್ ಆದ ಮಗು ಎಲ್ಲಿಗೆ ಹೋಯಿತು? ಶಿಶು ಶ್ರವಣ ತಪಾಸಣೆಯ ಲೆಕ್ಕ ನೋಡುವ ಕ್ರಮ

ಶ್ರವಣ ತಪಾಸಣೆಯಲ್ಲಿ ಪಾಸಾಗದೆ ಮುಂದಿನ ಪರೀಕ್ಷೆಗೆ ಕಳಿಸಬೇಕಾದ ಮಗುವಿನ ಫಲಿತಾಂಶವನ್ನು ‘ರೆಫರ್’ ಎನ್ನುತ್ತಾರೆ. ಈ ತಪಾಸಣೆಯ ವರದಿಯಲ್ಲಿ ‘ಶೇ. 95 ಪೂರ್ಣ’ ಎಂದಿದ್ದರೆ, ಯಾವ ಮಕ್ಕಳಲ್ಲಿ ಶೇ. 95 ಎಂಬುದನ್ನು ಮೊದಲು ಕೇಳಬೇಕು. ಮಂಜೇಶ್ವರ, ವರ್ಕಾಡಿ, ಪೈವಳಿಕೆ ಕಡೆಯ ಎಷ್ಟೋ ಹೆರಿಗೆಗಳು ಮಂಗಳೂರಿನ ಆಸ್ಪತ್ರೆಗಳಲ್ಲಿ ಆಗುತ್ತವೆ. ಮಗು ಬೆಳೆಯುವುದು ಕಾಸರಗೋಡಿನಲ್ಲಿ, ತಪಾಸಣೆಯ ದಾಖಲೆ ಉಳಿಯುವುದು ಕರ್ನಾಟಕದಲ್ಲಿ. ಬಾಣಂತನಕ್ಕೆ ತವರಿಗೆ ಬಂದು ಕೆಲವು ತಿಂಗಳಿಗೆ ಗಂಡನ ಮನೆಗೆ ಹೊರಡುವವರೂ ಇದ್ದಾರೆ. ಹಾಗಾಗಿ ಎರಡು ಲೆಕ್ಕ ಬೇರೆ ಬೇರೆಯಾಗಿರಲಿ: ಈ ಆಸ್ಪತ್ರೆಯಲ್ಲಿ ಹುಟ್ಟಿದವರದ್ದು ಒಂದು, ಈ ಪಂಚಾಯತಿನಲ್ಲಿ ವಾಸವಿರುವವರದ್ದು ಇನ್ನೊಂದು. ಮೊದಲನೆಯದು ಆಸ್ಪತ್ರೆಯ ಕೆಲಸವನ್ನು ತೋರಿಸುತ್ತದೆ, ಎರಡನೆಯದು ಊರಿನ ಮಕ್ಕಳ ಸ್ಥಿತಿಯನ್ನು. ಆಸ್ಪತ್ರೆಯಲ್ಲಿ ಪರೀಕ್ಷೆಯಾದ ಮಕ್ಕಳ ಸಂಖ್ಯೆಯನ್ನು ಪಂಚಾಯತಿನ ಜನನ ಸಂಖ್ಯೆಯಿಂದ ಭಾಗಿಸಿದರೆ ಶೇ. 110 ಬಂದೀತು, ಶೇ. 60 ಕೂಡ ಬಂದೀತು. ಎರಡಕ್ಕೂ ಅರ್ಥವಿಲ್ಲ.

ಕಡತವನ್ನು ಒಂದು ಪರೀಕ್ಷೆಗೆ ಒಂದು ಸಾಲಿನಂತೆ ಇಡಿ. ಒಂದು ಮಗುವಿಗೆ ಒಂದು ಸಾಲಿನ ಪಟ್ಟಿಯನ್ನು ಅದರಿಂದ ತೆಗೆಯಿರಿ. ತಾಯಿಯ ಆರ್‌ಸಿಎಚ್ ಸಂಖ್ಯೆ (ತಾಯಿ-ಮಗು ಆರೋಗ್ಯ ಕಾರ್ಯಕ್ರಮದ ನೋಂದಣಿ ಸಂಖ್ಯೆ), ಮಗು ಹುಟ್ಟಿದ ದಿನಾಂಕ ಮತ್ತು ಗಂಟೆ, ಅವಳಿಯಾದರೆ ಕ್ರಮ, ಹೆರಿಗೆಯ ಬಗೆ, ಎನ್‌ಐಸಿಯುನಲ್ಲಿದ್ದ (ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿದ್ದ) ದಿನಗಳು, ಪರೀಕ್ಷೆಯ ದಿನಾಂಕ ಮತ್ತು ಗಂಟೆ, ಓಎಇಯೋ (ಶಬ್ದಕ್ಕೆ ಒಳಕಿವಿ ಕೊಡುವ ಮರುದನಿಯನ್ನು ಅಳೆಯುವ ಪರೀಕ್ಷೆ) ಎಬಿಆರೋ (ಶಬ್ದಕ್ಕೆ ಶ್ರವಣನರ ಮತ್ತು ಮಿದುಳಿನ ಕಾಂಡ ಕೊಡುವ ಸ್ಪಂದನೆಯನ್ನು ಅಳೆಯುವ ಪರೀಕ್ಷೆ), ಬಲಕಿವಿ, ಎಡಕಿವಿ, ಯಂತ್ರದ ಸಂಖ್ಯೆ, ಪರೀಕ್ಷಿಸಿದವರ ಸಂಕೇತ, ವಾಸದ ಪಂಚಾಯತು ಮತ್ತು ವಾರ್ಡ್: ಇಷ್ಟು ಕಾಲಂ ಸಾಕು. ಆರ್‌ಸಿಎಚ್ ಸಂಖ್ಯೆಯ ಕಾಲಂ ಅನ್ನು ಟೆಕ್ಸ್ಟ್ ಎಂದು ಮಾಡಿಟ್ಟೇ ತುಂಬಿಸಿ, ಇಲ್ಲದಿದ್ದರೆ ಎಕ್ಸೆಲ್ ಉದ್ದ ಸಂಖ್ಯೆಯನ್ನು ತನ್ನಿಷ್ಟದಂತೆ ಮಡಚಿ ತೋರಿಸುತ್ತದೆ.

ಹೆಸರು ಹಿಡಿದು ಹೊಂದಿಸಲು ಹೋಗಬೇಡಿ. ಮಗುವಿಗೆ ಇನ್ನೂ ಹೆಸರಿಟ್ಟಿರುವುದಿಲ್ಲ. ತಾಯಿಯ ಹೆಸರು ಮಲಯಾಳದಿಂದ ಇಂಗ್ಲಿಷಿಗೆ ಬಂದಾಗ ಒಂದು ರೂಪ, ಕನ್ನಡದಿಂದ ಬಂದಾಗ ಇನ್ನೊಂದು. ಆರ್‌ಸಿಎಚ್ ಸಂಖ್ಯೆ, ಜನ್ಮದಿನಾಂಕ, ಅವಳಿಯ ಕ್ರಮ ಈ ಮೂರೂ ಕೂಡಿದರೆ ಗುರುತು ಗಟ್ಟಿ. ಜಿಲ್ಲೆಯಿಂದಾಚೆಗೆ ಕಳಿಸುವ ಪ್ರತಿಯಲ್ಲಿ ಹೆಸರು, ಫೋನ್ ನಂಬರು ಇರಕೂಡದು.

ನಂತರ ಪರೀಕ್ಷೆಯ ಹೊತ್ತಿನಿಂದ ಹುಟ್ಟಿದ ಹೊತ್ತನ್ನು ಕಳೆಯಿರಿ. ಉತ್ತರ ಋಣವಾಗಿ ಬಂದರೆ, ಇಲ್ಲವೇ ಹಲವರಿಗೆ ಒಮ್ಮೆಗೇ ಐದಾರು ತಿಂಗಳ ವಯಸ್ಸು ಬಂದರೆ, ಎಕ್ಸೆಲ್ ದಿನ-ತಿಂಗಳನ್ನು ಅದಲುಬದಲು ಮಾಡಿದೆ ಎಂದೇ ತಿಳಿಯಿರಿ. 12ರ ಮೇಲಿನ ದಿನಾಂಕಗಳು ಸೆಲ್ಲಿನ ಎಡಕ್ಕೆ ಅಂಟಿಕೊಂಡು ನಿಂತಿದ್ದರೆ ಅದು ಇನ್ನೊಂದು ಸುಳಿವು.

ಫಲಿತಾಂಶದ ಕಾಲಂನಲ್ಲಿ ಈ ನಾಲ್ಕರಲ್ಲಿ ಒಂದಿರಲಿ: ಪಾಸ್, ರೆಫರ್, ಪರೀಕ್ಷಿಸಲಾಗಲಿಲ್ಲ, ಪರೀಕ್ಷೆಗೆ ಬರಲಿಲ್ಲ. ಖಾಲಿ ಬಿಟ್ಟ ಸೆಲ್ಲನ್ನು ಪಾಸ್ ಎಂದು ಎಣಿಸುವುದು ಈ ಕೆಲಸದಲ್ಲಿ ಅತಿ ದುಬಾರಿ ತಪ್ಪು. ಇನ್ನೊಂದು ತಪ್ಪು ಮೊದಲ ದಿನ ಬಲಕಿವಿ ಪಾಸ್, ಮರುಪರೀಕ್ಷೆಯಲ್ಲಿ ಎಡಕಿವಿ ಪಾಸ್, ಕೂಡಿಸಿ ‘ಎರಡೂ ಪಾಸ್’ ಎಂದು ಬರೆಯುವುದು. ಮರುಪರೀಕ್ಷೆಯಲ್ಲಿ ಎರಡೂ ಕಿವಿ ನೋಡಬೇಕು. ಒಂದೇ ಸಲಕ್ಕೆ ಎರಡೂ ಪಾಸಾದರಷ್ಟೇ ಪಾಸ್. ಎಬಿಆರ್‌ನಲ್ಲಿ ರೆಫರ್ ಆದ ಮಗುವನ್ನು ಓಎಇ ಮಾಡಿ ಪಾಸ್ ಎಂದು ದಾಟಿಸಿದ ಸಾಲುಗಳನ್ನೂ ಹುಡುಕಿ ಗುರುತಿಸಿ. ಓಎಇ ಒಳಕಿವಿಯ ಹೊರ ರೋಮಕೋಶಗಳನ್ನಷ್ಟೇ ನೋಡುತ್ತದೆ, ಶ್ರವಣನರದ ತೊಂದರೆ ಅದಕ್ಕೆ ಸಿಗುವುದಿಲ್ಲ. ಎನ್‌ಐಸಿಯುನಲ್ಲಿ ಐದು ದಿನಕ್ಕಿಂತ ಹೆಚ್ಚು ಇದ್ದ ಮಗುವಿಗೆ ಬರೀ ಓಎಇ ಆಗಿದ್ದರೆ ಅದು ಪೂರ್ಣ ತಪಾಸಣೆಯಲ್ಲ.

ಅಳತೆಗೋಲು 1-3-6: ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ರೋಗನಿರ್ಣಯ, ಆರರೊಳಗೆ ಚಿಕಿತ್ಸೆ ಅಥವಾ ತರಬೇತಿಯ ಆರಂಭ. ಅಮೆರಿಕದ ಶಿಶು ಶ್ರವಣ ಜಂಟಿ ಸಮಿತಿ 2007ರಲ್ಲಿ ಇಟ್ಟ ಗುರಿಗಳ ಪ್ರಕಾರ ಶೇ. 95ಕ್ಕಿಂತ ಹೆಚ್ಚು ಮಕ್ಕಳ ತಪಾಸಣೆ ಆಗಬೇಕು, ಮರುಪರೀಕ್ಷೆಯೂ ಸೇರಿ ಕೊನೆಗೆ ರೆಫರ್ ಆಗುವವರು ಶೇ. 4ಕ್ಕಿಂತ ಕಡಿಮೆ ಇರಬೇಕು, ಅವರಲ್ಲಿ ಶೇ. 90 ಮಂದಿಗೆ ಮೂರು ತಿಂಗಳೊಳಗೆ ನಿರ್ಣಯವಾಗಬೇಕು.

ಉದಾಹರಣೆಗೆ 1,000 ಜನನಗಳನ್ನು ತೆಗೆದುಕೊಳ್ಳೋಣ (ಅಂಕಿಗಳು ಕಲ್ಪಿತ). ತಪಾಸಣೆ ಆದದ್ದು 920. ಮೊದಲ ಸಲ ರೆಫರ್ 74, ಅಂದರೆ ಶೇ. 8. ಮರುಪರೀಕ್ಷೆಗೆ ಬಂದವರು 50. ಅವರಲ್ಲಿ 44 ಪಾಸ್, 6 ರೆಫರ್. ಆರರಲ್ಲಿ ಐವರಿಗೆ ಪೂರ್ಣ ಪರೀಕ್ಷೆ ಆಯಿತು, ಇಬ್ಬರಲ್ಲಿ ಕೇಳುವಿಕೆಯ ದೋಷ ಕಂಡಿತು. ವರದಿ ಬರೆಯುವವರು ‘920ರಲ್ಲಿ 2’ ಎಂದು ಮುಗಿಸುತ್ತಾರೆ. ಆದರೆ ಮರುಪರೀಕ್ಷೆಗೆ ಬಾರದ 24, ಪೂರ್ಣ ಪರೀಕ್ಷೆ ಆಗದ 1, ಒಟ್ಟು 25 ಮಕ್ಕಳ ಸ್ಥಿತಿ ಗೊತ್ತೇ ಇಲ್ಲ. ಅದು 74ರಲ್ಲಿ ಮೂರನೇ ಒಂದು ಪಾಲು. ಬಂದ 50ರಲ್ಲಿ 6 ಮತ್ತೆ ರೆಫರ್ ಆದಂತೆ ಬಾರದ 24ರಲ್ಲೂ ಆಗುವುದಾದರೆ ಸುಮಾರು 3 ರೆಫರ್, ಅವರಲ್ಲಿ ಒಂದು ಮಗುವಿಗೆ ದೋಷ ಇರಬಹುದು. ತಪಾಸಣೆಯೇ ಆಗದ 80 ಮಂದಿ ಇನ್ನೂ ಲೆಕ್ಕದ ಹೊರಗೇ ಇದ್ದಾರೆ.

ಹುಟ್ಟುವ ಸಾವಿರ ಮಕ್ಕಳಲ್ಲಿ ಒಬ್ಬರಿಂದ ಮೂವರಿಗೆ ಕೇಳುವಿಕೆಯ ದೋಷ ಇರುತ್ತದೆ ಎಂಬುದು ಸಾಮಾನ್ಯ ಅಂದಾಜು. ಸಾವಿರಕ್ಕೆ 2 ಎಂದು ಹಿಡಿದರೆ 500 ಜನನಗಳಿಗೆ ನಿರೀಕ್ಷೆ ಒಂದೇ ಮಗು, ಒಂದೂ ಸಿಗದಿರುವ ಸಾಧ್ಯತೆ ಶೇ. 37. ಆದ್ದರಿಂದ ಒಂದು ಪಂಚಾಯತಿನಲ್ಲಿ ವರ್ಷಕ್ಕೆ ಸೊನ್ನೆ ಬಂದರೆ ಗಾಬರಿಯೂ ಬೇಡ, ಹೆಮ್ಮೆಯೂ ಬೇಡ. ತಿಂಗಳಿಗೆ 20 ಜನನದ ಕೇಂದ್ರದಲ್ಲಿ ಒಂದು ರೆಫರ್ ಎಂದರೆ ಶೇ. 5, ಅಲ್ಲಿ ಶೇಕಡಾ ಬರೆಯುವುದೇ ಬೇಡ, ಎಣಿಕೆ ಬರೆಯಿರಿ.

ರೆಫರ್ ಪ್ರಮಾಣ ಏರಿದಾಗ ಅದನ್ನು ಒಡೆದು ನೋಡಿ. ಮೊದಲು ಗಂಟೆಯ ಪ್ರಕಾರ: 24 ಗಂಟೆಯೊಳಗೆ ಮಾಡಿದ ಓಎಇಯಲ್ಲಿ ಕಿವಿಯ ನಾಳದ ಬಿಳಿ ಲೇಪ, ಮಧ್ಯಕಿವಿಯ ದ್ರವ ಇವುಗಳಿಂದ ಸುಳ್ಳು ರೆಫರ್ ಹೆಚ್ಚು, ಸಿಸೇರಿಯನ್ ಮಕ್ಕಳಲ್ಲಿ ಇನ್ನಷ್ಟು. ಆಮೇಲೆ ಯಂತ್ರದ ಪ್ರಕಾರ: ಒಂದೇ ದಿನ ಒಂದೇ ಯಂತ್ರದಲ್ಲಿ ಸಾಲಾಗಿ ನಾಲ್ಕೈದು ರೆಫರ್ ಬಿದ್ದಿದ್ದರೆ ಕಿವಿಯೊಳಗೆ ಇಡುವ ಪ್ರೋಬಿನ ತುದಿ ಕಟ್ಟಿಕೊಂಡಿರಬೇಕು. ತಿಂಗಳ ಪ್ರಕಾರವೂ ನೋಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಶೀಟಿನ ಮಾಡಿನ ಮೇಲೆ ಮಳೆ ಸುರಿಯುವಾಗ ಮಾಡಿದ ಓಎಇಗೆ ಗದ್ದಲವೇ ಶತ್ರು. ಕಡಿಮೆ ರೆಫರ್ ಕೂಡ ಅನುಮಾನಕ್ಕೆ ಅರ್ಹ. ಒಬ್ಬರ ಕೈಯಲ್ಲಿ 200 ಮಕ್ಕಳೂ ಪಾಸಾಗಿದ್ದರೆ, ಪಾಸ್ ಬರುವ ತನಕ ಗುಂಡಿ ಒತ್ತುತ್ತಿದ್ದಾರೆಯೇ ಎಂದು ಯಂತ್ರದೊಳಗಿನ ದಾಖಲೆ ತೆರೆದು ನೋಡಿ.

ಗುಂಪು ಕಟ್ಟುವುದು ಹುಟ್ಟಿದ ತಿಂಗಳಿನಿಂದ, ಪರೀಕ್ಷೆಯ ತಿಂಗಳಿನಿಂದಲ್ಲ. ಮಾರ್ಚ್‌ನಲ್ಲಿ ಹುಟ್ಟಿದವರ ತಪಾಸಣೆಯ ಲೆಕ್ಕ ಮೇ ಮೊದಲ ವಾರ, ನಿರ್ಣಯದ್ದು ಜುಲೈ, ಚಿಕಿತ್ಸೆಯದ್ದು ಅಕ್ಟೋಬರ್‌ಗೆ ಮುಗಿಯುತ್ತದೆ. ವಯಸ್ಸಿಗೆ ಸರಾಸರಿ ಬೇಡ, ಮಧ್ಯಾಂಕ (ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ) ಕೊಡಿ. ಹನ್ನೊಂದು ತಿಂಗಳಿಗೆ ಬಂದ ಒಂದೇ ಮಗು ಸರಾಸರಿಯನ್ನು ಎಳೆದುಬಿಡುತ್ತದೆ.

ವಾರಕ್ಕೊಮ್ಮೆ ಕಡತದಿಂದ ಒಂದೇ ಪಟ್ಟಿ ಹೊರಡಲಿ: ರೆಫರ್ ಆಗಿ 15 ದಿನ ಕಳೆದರೂ ಮುಂದಿನ ಸಾಲು ಇಲ್ಲದ ಮಕ್ಕಳದ್ದು. ವಾರ್ಡ್‌ವಾರು ವಿಂಗಡಿಸಿ ಜೆಪಿಎಚ್‌ಎನ್ (ಕೇರಳದ ಕಿರಿಯ ಸಾರ್ವಜನಿಕ ಆರೋಗ್ಯ ದಾದಿ) ಮತ್ತು ಆಶಾ ಕಾರ್ಯಕರ್ತೆಯರಿಗೆ ಕೊಡಿ. ಗಂಡನ ಊರಿನ ವಿಳಾಸ, ಮನೆಯ ಇನ್ನೊಬ್ಬರ ಫೋನ್ ನಂಬರು, ಮಾತಾಡುವ ಭಾಷೆ ಈ ಮೂರು ಕಾಲಂ ಅದರಲ್ಲಿರಲಿ. ಮೊದಲ ಲಸಿಕೆಯ ದಿನವೇ ಇವನ್ನು ಕೇಳಿ ಬರೆದುಕೊಂಡರೆ ಆಮೇಲೆ ಹುಡುಕಾಟ ಕಡಿಮೆ. ‘ಊರು ಬಿಟ್ಟಿದ್ದಾರೆ’ ಎಂದು ಬಂದ ಉತ್ತರಕ್ಕೆ ಸಾಲು ಮುಚ್ಚಬೇಡಿ; ಹೋದ ಊರಿನ ಆರೋಗ್ಯ ಕೇಂದ್ರ ‘ಮಗು ಸಿಕ್ಕಿತು’ ಎಂದ ದಿನಾಂಕವನ್ನು ಬರೆದ ಮೇಲಷ್ಟೇ ಮುಚ್ಚಿ.