ಥಂಡಿಗೆ ಮರಗಟ್ಟುವ ಕ್ಯಾಮೆರಾ ಬ್ಯಾಟರಿ: ಹಿಮದ ನಾಡಿಗೆ ಹೊರಡುವ ಮುನ್ನ

ಡಿಸೆಂಬರ್ ಬೆಳಿಗ್ಗೆ ಧಾರವಾಡದ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿ ಕೂತಿರುತ್ತದೆ. ಬೋರಲು ಹಾಕಿದರೂ ಒಂದು ಹನಿ ಬೀಳದು. ಹಾಗೆಂದು ಎಣ್ಣೆ ತೀರಿತೆಂದು ಯಾರೂ ಬಾಟಲಿ ಎಸೆಯುವುದಿಲ್ಲ, ಬಿಸಿಲಿಗಿಟ್ಟು ಕಾಯುತ್ತಾರೆ. ಲೇಹ್‌ನಲ್ಲೋ ಸ್ಪಿತಿಯಲ್ಲೋ, ಹಿಮಾಲಯದ ಥಂಡಿಯಲ್ಲಿ ಕ್ಯಾಮೆರಾ ‘ಬ್ಯಾಟರಿ ಖಾಲಿ’ ಎಂದು ತೋರಿಸಿ ಆರಿದಾಗ ಈ ಬಾಟಲಿ ನೆನಪಾಗಬೇಕು. ಚಾರ್ಜ್ ಎಲ್ಲಿಗೂ ಹೋಗಿರುವುದಿಲ್ಲ, ಹೊರಬರಲಾರದೆ ಒಳಗೇ ಇರುತ್ತದೆ.

ಕ್ಯಾಮೆರಾಕ್ಕೆ ಹಾಕುವ ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ವಿದ್ಯುತ್ ಹುಟ್ಟಬೇಕಾದರೆ ಲಿಥಿಯಂ ಕಣಗಳು ಒಂದು ದ್ರವದ ಮೂಲಕ ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗಬೇಕು. ಥಂಡಿ ಏರಿದಂತೆ ಆ ದ್ರವ ಮಂದವಾಗುತ್ತದೆ, ಕಣಗಳ ಓಡಾಟ ನಿಧಾನವಾಗುತ್ತದೆ, ಬ್ಯಾಟರಿಯ ಒಳಗಿನ ತಡೆ ಹೆಚ್ಚುತ್ತದೆ. ಫೋಕಸ್ ಮೋಟಾರು ತಿರುಗುವಾಗ, ಶಟರ್ ಬಡಿಯುವಾಗ ಕ್ಯಾಮೆರಾ ಒಮ್ಮೆಲೇ ಹೆಚ್ಚು ಕರೆಂಟ್ ಎಳೆಯುತ್ತದೆ. ಆ ಕ್ಷಣಕ್ಕೆ ವೋಲ್ಟೇಜ್ ಕುಸಿಯುತ್ತದೆ. ಕ್ಯಾಮೆರಾ ನೋಡುವುದು ವೋಲ್ಟೇಜನ್ನೇ. ಹೀಗಾಗಿ ಅರ್ಧ ಚಾರ್ಜ್ ಉಳಿದಿದ್ದರೂ ಅದು ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತದೆ.

ಕ್ಯಾಮೆರಾ ಕೈಪಿಡಿಯಲ್ಲಿ ‘ಒಂದು ಚಾರ್ಜಿಗೆ ಇಷ್ಟು ಚಿತ್ರ’ ಎಂದಿರುವುದು ಸುಮಾರು 23 ಡಿಗ್ರಿಯಲ್ಲಿ ಅಳೆದ ಲೆಕ್ಕ. ಗದಗ ಜಿಲ್ಲೆಯ ಮಾಗಡಿ ಕೆರೆ ದಂಡೆಯಲ್ಲಿ ಜನವರಿ ನಸುಕಿನಲ್ಲಿ ಪಟ್ಟೆತಲೆ ಹೆಬ್ಬಾತುಗಳ ಚಿತ್ರ ತೆಗೆಯುವವರಿಗೆ ಒಂದೇ ಬ್ಯಾಟರಿ ಮಧ್ಯಾಹ್ನದವರೆಗೆ ಬಂದಿರಬಹುದು. ಅದೇ ಲೆಕ್ಕ ಹಿಡಿದು ಆ ಹಕ್ಕಿಗಳ ತವರುಗಳಲ್ಲಿ ಒಂದಾದ ಲಡಾಖಿಗೆ ಚಳಿಗಾಲದಲ್ಲಿ ಹೊರಟರೆ ಮೋಸ ಹೋಗುತ್ತೀರಿ. ಸೊನ್ನೆಗಿಂತ ಕೆಳಗೆ, ದಿನವಿಡೀ ಹೊರಗಿರುವುದಾದರೆ ಮೂರು ಬ್ಯಾಟರಿ ಬೇಕೇ ಬೇಕು. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ಆದರೆ ನಾಲ್ಕು, ಯಾಕೆಂದರೆ ಅದರ ಸೆನ್ಸರ್ ಮತ್ತು ಪರದೆ ಚಿತ್ರ ತೆಗೆಯದಿದ್ದಾಗಲೂ ಚಾರ್ಜ್ ತಿನ್ನುತ್ತಲೇ ಇರುತ್ತವೆ.

ಊರಲ್ಲೇ ಮಾಡಬೇಕಾದದ್ದು

ಹುಬ್ಬಳ್ಳಿಯಲ್ಲಿ ಹಿಮದ ಥಂಡಿ ಸಿಗುವುದಿಲ್ಲ, ಆದರೆ ಫ್ರಿಜ್ ಇದೆ. ಪೂರ್ತಿ ಚಾರ್ಜ್ ಮಾಡಿದ ಬ್ಯಾಟರಿಯನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಹಿಂಡಿ ತೆಗೆದು, ತರಕಾರಿ ಇಡುವ ಭಾಗದಲ್ಲಿ ಎರಡು ತಾಸು ಇಡಿ. ಬರ್ಫ ಕಟ್ಟುವ ಫ್ರೀಜರಿನಲ್ಲಿ ಇಡಬೇಡಿ. ಹೊರತೆಗೆದು, ಮೈಮೇಲೆ ಕೂತ ನೀರಿನ ಪಸೆಯನ್ನು ಒಣ ಹತ್ತಿ ಬಟ್ಟೆಯಿಂದ, ಮುಖ್ಯವಾಗಿ ಲೋಹದ ತುದಿಗಳನ್ನು, ಚೆನ್ನಾಗಿ ಒರೆಸಿ ಕ್ಯಾಮೆರಾಕ್ಕೆ ಹಾಕಿ ವಿಡಿಯೊ ಶುರು ಮಾಡಿ. ಮೊದಲ ಹತ್ತು ನಿಮಿಷ ನೋಡಿದರೆ ಸಾಕು. ಗಟ್ಟಿ ಬ್ಯಾಟರಿಯಾದರೆ ಪರದೆಯಲ್ಲಿ ಚಾರ್ಜ್ ತೋರಿಸುವ ಗೆರೆ ಅಲುಗಾಡುವುದಿಲ್ಲ. ಸವೆದ ಬ್ಯಾಟರಿಯ ಗೆರೆ ಪಟಕ್ಕನೆ ಇಳಿಯುತ್ತದೆ. ಫ್ರಿಜ್‌ನ ನಾಲ್ಕೈದು ಡಿಗ್ರಿಗೇ ಸೋತದ್ದು ಹಿಮದಲ್ಲಿ ಕೈಕೊಡುವುದು ಖಾತ್ರಿ. ಅದನ್ನು ಮನೆಯಲ್ಲೇ ಬಿಡಿ.

ಉಳಿದವಕ್ಕೆ ಬಿಳಿ ಟೇಪ್ ಅಂಟಿಸಿ 1, 2, 3 ಎಂದು ಬರೆಯಿರಿ. ಬ್ಯಾಟರಿ ಉಬ್ಬಿದ್ದರೆ, ಗೂಡಿಗೆ ಒತ್ತಿ ತುರುಕಬೇಕಾಗುವಂತಿದ್ದರೆ ಬಳಸಲೇಬೇಡಿ. ಫ್ಲ್ಯಾಶಿಗೆ ಎಎ ಸೆಲ್ ಹಾಕುವವರು ಸಾದಾ ಆಲ್ಕಲೈನ್ ಸೆಲ್ ಒಯ್ಯಬಾರದು. ಅದರೊಳಗಿನ ದ್ರವ ನೀರಿನಿಂದ ಆದದ್ದು, ಥಂಡಿಗೆ ಬೇಗ ಸೋಲುತ್ತದೆ. ಒಮ್ಮೆ ಬಳಸಿ ಎಸೆಯುವ 1.5 ವೋಲ್ಟ್ ಲಿಥಿಯಂ ಸೆಲ್ ದುಬಾರಿ, ಆದರೆ ಮೈನಸ್ 40 ಡಿಗ್ರಿವರೆಗೂ ಬರುತ್ತದೆ.

ಇನ್ನೊಂದು ಕೆಲಸ ಟೇಲರ್ ಅಂಗಡಿಯಲ್ಲಿ. ಬನಿಯನ್ನಿನ ಮೇಲೆ ಹಾಕುವ ಒಳಅಂಗಿಯ ಎದೆಭಾಗಕ್ಕೆ ಬ್ಯಾಟರಿ ಇಡಲು ಅಂಗೈಯಗಲದ ಎರಡು ಕಿಸೆ ಹೊಲಿಸಿ, ಬಾಯಿಗೆ ಜಿಪ್ ಹಾಕಿಸಿ. ಜಾಕೀಟಿನ ಹೊರಗಿನ ಕಿಸೆ ಏನೂ ಪ್ರಯೋಜನವಿಲ್ಲ, ಮೈಯ ಬಿಸಿ ಅಲ್ಲಿಗೆ ಮುಟ್ಟುವುದಿಲ್ಲ.

ವಿಮಾನದಲ್ಲಿ ಹೋಗುವುದಾದರೆ ಹೆಚ್ಚುವರಿ ಬ್ಯಾಟರಿ ಮತ್ತು ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ.

ಹಿಮದಲ್ಲಿ

ಎರಡು ಕಿಸೆಗಳಿಗೂ ಬೇರೆ ಬೇರೆ ಕೆಲಸ. ಎಡಗಡೆ ತುಂಬಿದವು, ಬಲಗಡೆ ಬಳಸಿದವು. ಕ್ಯಾಮೆರಾದಲ್ಲಿರುವುದು ಶೇ 30ಕ್ಕೆ ಇಳಿದ ಕೂಡಲೇ ತೆಗೆದು ಬಲಗಿಸೆಗೆ ಹಾಕಿ, ಎಡದಿಂದ ಬೆಚ್ಚಗಿನದನ್ನು ತೆಗೆದುಕೊಳ್ಳಿ. ಪೂರ್ತಿ ಆರುವವರೆಗೆ ಕಾಯಬೇಡಿ, ಚಿತ್ರ ಮೆಮೊರಿ ಕಾರ್ಡಿಗೆ ಬರೆಯುವ ಹೊತ್ತಿಗೇ ಕ್ಯಾಮೆರಾ ಬಂದ್ ಆದರೆ ಆ ಚಿತ್ರ ಕೆಡಬಹುದು. ಅರ್ಧ ತಾಸು, ಮುಕ್ಕಾಲು ತಾಸು ಮೈಗೆ ತಾಗಿ ಬೆಚ್ಚಗಾದ ಬಲಗಿಸೆಯ ಬ್ಯಾಟರಿಯನ್ನು ಮತ್ತೆ ಹಾಕಿ ನೋಡಿ, ಸೋತಿದ್ದ ಬ್ಯಾಟರಿ ಮತ್ತೆ ಕೆಲಸ ಕೊಡುತ್ತದೆ. ಕಿಸೆಯಲ್ಲಿ ಕೀಲಿ, ಚಿಲ್ಲರೆ ಇರಬಾರದು. ಬ್ಯಾಟರಿಯ ತುದಿಗಳಿಗೆ ಲೋಹ ತಾಗಿದರೆ ಶಾರ್ಟ್ ಆಗಿ ಮೈ ಸುಟ್ಟೀತು. ಪ್ಲಾಸ್ಟಿಕ್ ಮುಚ್ಚಳ ಹಾಕಿಯೇ ಇಡಿ.

ಕೆಲವರು ಬ್ಯಾಟರಿಯನ್ನು ಕಂಬಳಿಯ ತುಂಡಿನಲ್ಲಿ ಸುತ್ತಿ ಬ್ಯಾಗಿನಲ್ಲಿಡುತ್ತಾರೆ. ಕುರಿ ಉಣ್ಣೆಯ ಕಂಬಳಿಯ ಬೆಲೆ ನಮ್ಮ ಹಾವೇರಿ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಕಂಬಳಿ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ, ಇದ್ದ ಬಿಸಿ ಸೋರದಂತೆ ತಡೆಯುತ್ತದೆ ಅಷ್ಟೇ. ಬ್ಯಾಟರಿಗೆ ತನ್ನದೆಂಬ ಬಿಸಿ ಇಲ್ಲ. ಕಂಬಳಿಯೊಳಗಿದ್ದರೂ ರಾತ್ರಿ ಕಳೆಯುವಷ್ಟರಲ್ಲಿ ಅದು ಹೊರಗಿನಷ್ಟೇ ತಣ್ಣಗಾಗಿರುತ್ತದೆ. ಮಲಗುವಾಗ ಅದು ನಿಮ್ಮ ಜೊತೆ ಹೊದಿಕೆಯೊಳಗೇ ಇರಬೇಕು.

ವೈಫೈ, ಬ್ಲೂಟೂತ್, ಜಿಪಿಎಸ್ ಬಂದ್ ಮಾಡಿ. ಚಿತ್ರ ತೆಗೆದ ತಕ್ಷಣ ಪರದೆಯಲ್ಲಿ ಮೂಡುವುದನ್ನೂ ನಿಲ್ಲಿಸಿ. ಪರದೆ ಮಂದವಾಗಿ, ನೆರಳು ಎಳೆದಂತೆ ಕಂಡರೆ ಗಾಬರಿ ಬೇಡ, ಎಲ್‌ಸಿಡಿ ಥಂಡಿಯಲ್ಲಿ ಹಾಗೆಯೇ ನಡೆದುಕೊಳ್ಳುತ್ತದೆ. ಲೆನ್ಸಿನ ಮೇಲೆ ಹಿಮ ಬಿದ್ದರೆ ಬಾಯಿಂದ ಊದಬೇಡಿ. ಉಸಿರಿನ ತೇವ ಗಾಜಿನ ಮೇಲೆ ಕೂತು ಹೆಪ್ಪುಗಟ್ಟುತ್ತದೆ, ಆಮೇಲೆ ಒರೆಸಿದರೂ ಹೋಗದು. ಬ್ರಶ್ಶಿನಿಂದ ಝಾಡಿಸಿ, ಇಲ್ಲವೇ ರಬ್ಬರ್ ಬ್ಲೋವರ್ ಬಳಸಿ.

ಒಳಗೆ ಬರುವಾಗ

ಥಂಡಿಯಲ್ಲಿ ಬ್ಯಾಟರಿ ನಿಂತರೆ ಮತ್ತೆ ಎಬ್ಬಿಸಬಹುದು. ಕ್ಯಾಮೆರಾ ಕೆಡುವುದು ಹೆಚ್ಚಾಗಿ ಬೆಚ್ಚಗಿನ ಕೋಣೆಗೆ ತಂದಾಗ. ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿ ಎರಡೇ ನಿಮಿಷದಲ್ಲಿ ಮೈತುಂಬ ಬೆವರುತ್ತದಲ್ಲ, ತಣ್ಣಗಿನ ಕ್ಯಾಮೆರಾಕ್ಕೂ ಅದೇ ಆಗುತ್ತದೆ. ಆ ಹನಿ ಲೆನ್ಸಿನ ಒಳಗಾಜಿನ ಮೇಲೂ ಸರ್ಕ್ಯೂಟಿನ ಮೇಲೂ ಕೂರುತ್ತದೆ. ಚಹಾ ಕುದಿಯುವ, ನಾಲ್ಕು ಜನ ಉಸಿರಾಡುವ ಕೋಣೆಯಲ್ಲಿ ತೇವ ಇನ್ನೂ ಹೆಚ್ಚು.

ಬಾಗಿಲ ಹೊರಗೇ ನಿಂತು ಬ್ಯಾಟರಿ, ಕಾರ್ಡ್ ತೆಗೆದುಬಿಡಿ, ಚಿತ್ರ ನೋಡುವ ಆಸೆಗೆ ಆಮೇಲೆ ಚೀಲ ಬಿಚ್ಚಬೇಕಾಗುವುದಿಲ್ಲ. ಕ್ಯಾಮೆರಾವನ್ನು ಲೆನ್ಸ್ ಸಮೇತ ದೊಡ್ಡ ಜಿಪ್ ಚೀಲಕ್ಕೆ ಹಾಕಿ, ಹೊರಗಿನ ಒಣ ಗಾಳಿ ಇರುವಾಗಲೇ ಬಿಗಿಯಾಗಿ ಮುಚ್ಚಿ. ಒಳಗೆ ಬಂದ ಮೇಲೆ ಹನಿಗಳು ಚೀಲದ ಹೊರಮೈಗೆ ಕೂರುತ್ತವೆ, ಕ್ಯಾಮೆರಾ ಒಣಗಿಯೇ ಇರುತ್ತದೆ. ಎರಡು ತಾಸು ಮುಟ್ಟಬೇಡಿ, ದೂರದ್ದನ್ನು ಹತ್ತಿರ ತೋರಿಸುವ ಭಾರದ ಟೆಲಿ ಲೆನ್ಸ್ ಇದ್ದರೆ ಮೂರು ತಾಸು. ಬುಖಾರಿ (ಕೋಣೆ ಕಾಯಿಸುವ ಒಲೆ), ಕಾಂಗ್ಡಿ (ಕೆಂಡ ತುಂಬಿದ ಮಡಕೆ), ಹೀಟರಿನ ಹತ್ತಿರ ಇಟ್ಟು ಆತುರ ಮಾಡಬೇಡಿ. ಬೆಳಿಗ್ಗೆ ಮತ್ತೆ ಹೊರಗೆ ಹೋಗುವುದಿದ್ದರೆ ಕ್ಯಾಮೆರಾವನ್ನು ಬ್ಯಾಗಿನ ಸಮೇತ ಕಳ್ಳಕಾಕರ ಭಯವಿಲ್ಲದ ತಣ್ಣನೆ ಜಾಗದಲ್ಲೇ ಬಿಡುವುದು ಇನ್ನೂ ಒಳ್ಳೆಯದು. ಬ್ಯಾಟರಿ ಮಾತ್ರ ಒಳಗೆ ಬರಲಿ.

ಆ ಬ್ಯಾಟರಿಯನ್ನು ಬಂದ ತಕ್ಷಣ ಚಾರ್ಜರಿಗೆ ಹಾಕುವುದೇ ದೊಡ್ಡ ತಪ್ಪು. ಸೊನ್ನೆಗಿಂತ ತಣ್ಣಗಿರುವ ಬ್ಯಾಟರಿಗೆ ಚಾರ್ಜ್ ತುಂಬಿದರೆ ಲಿಥಿಯಂ ಒಳಪದರಕ್ಕೆ ಇಳಿಯದೆ ಮೇಲ್ಮೈಯಲ್ಲೇ ಲೋಹವಾಗಿ ಕೂರುತ್ತದೆ. ಆ ನಷ್ಟ ಬಿಸಿ ಮಾಡಿದರೂ ಮರಳಿ ಬರುವಂಥದ್ದಲ್ಲ. ಸಾಮರ್ಥ್ಯ ಶಾಶ್ವತವಾಗಿ ಕುಗ್ಗುತ್ತದೆ, ಒಳಗೇ ಶಾರ್ಟ್ ಆಗುವ ಅಪಾಯವೂ ಇದೆ. ಪವರ್ ಬ್ಯಾಂಕಿಗೂ ಮೊಬೈಲಿಗೂ ಇದೇ ಮಾತು. ಬ್ಯಾಟರಿಯನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗೆನಿಸಿದರೆ ಇನ್ನೊಂದು ತಾಸು ಕಿಸೆಯಲ್ಲೇ ಇರಲಿ, ಊಟ ಮುಗಿದ ಮೇಲೆ ಚಾರ್ಜರಿಗೆ ಹಾಕಿ.