ಸೊಳ್ಳೆ ಪರದೆಯ ಬಟ್ಟೆಯಿಂದ ಹರ್ನಿಯಾ ಆಪರೇಷನ್: ಉಗಾಂಡಾದಲ್ಲಿ ನನ್ನ ಅನುಭವ

ಪೂರ್ವ ಉಗಾಂಡಾದ ಬುಸೋಗಾ ಸೀಮೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಎರಡು ವರ್ಷ ಸರ್ಜನ್ ಆಗಿದ್ದೆ. ಹೋದ ಮೊದಲ ವಾರವೇ ಒಬ್ಬ ರೈತರನ್ನು ಕರೆತಂದರು. ಬೋಡಾ ಬೋಡಾ, ಅಂದರೆ ಅಲ್ಲಿನ ಬಾಡಿಗೆ ಬೈಕಿನ ಮೇಲೆ ಹೊಟ್ಟೆ ಹಿಡ್ಕೊಂಡು ಬಂದಿದ್ದರು. ತೊಡೆಸಂದಿಯ ಹರ್ನಿಯಾ, ನಮ್ಮ ಕಡೆ ಅಂಡವಾಯು ಅಂತಾರಲ್ಲ, ಅದರಲ್ಲಿ ಕರುಳು ಸಿಕ್ಕಿಕೊಂಡು ಎರಡು ದಿನ ಆಗಿತ್ತು. ಕೊಳೆತ ಭಾಗ ಕತ್ತರಿಸಿ ಜೋಡಿಸಿದೆವು. ಉಳಿಸಿಕೊಳ್ಳಲು ಆಗಲಿಲ್ಲ. ಗಡ್ಡೆ ಕಾಣಿಸಿಕೊಂಡು ಹನ್ನೊಂದು ವರ್ಷ ಆಗಿತ್ತಂತೆ, ಅವರ ಹೆಂಡತಿ ಹೇಳಿದರು. ಆ ಹನ್ನೊಂದು ವರ್ಷದಲ್ಲಿ ಯಾವತ್ತಾದರೂ ಒಂದು ಗಂಟೆಯ ಆಪರೇಷನ್ ಆಗಿದ್ದರೆ ಸಾಕಿತ್ತು. ಅದು ನನ್ನನ್ನು ಈಗಲೂ ಕಾಡುತ್ತದೆ.

ತುರ್ತು ಆಪರೇಷನ್ ಮಾಡುವ ಆಸ್ಪತ್ರೆ ಎರಡು ಗಂಟೆಯ ದಾರಿಯೊಳಗೆ ಇರಬೇಕು ಅಂತ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ 2015ರ ಆಯೋಗ ಹೇಳಿದೆ. ಸರಿಯೇ. ಆದರೆ ಆ ರೈತರ ಊರು ಅಷ್ಟು ದೂರ ಇರಲಿಲ್ಲ, ದುಡ್ಡಿರಲಿಲ್ಲ ಅಷ್ಟೇ.

ಹರ್ನಿಯಾ ಮತ್ತೆ ಬರದಂತೆ ಒಳಗೆ ಹಾಕಿ ಹೊಲಿಯುವ ಬಲೆಗೆ ಮೆಶ್ ಅಂತಾರೆ. ಕಂಪನಿ ಮೆಶ್‌ಗೆ ನೂರು ಡಾಲರ್‌ಗೂ ಜಾಸ್ತಿ ಆಗುತ್ತಿತ್ತು. ಮಹಾರಾಷ್ಟ್ರದ ದೊಂಡಾಯಿಚಾದಲ್ಲಿ ಡಾ. ರವೀಂದ್ರನಾಥ ಟೋಂಗಾಂವ್ಕರ್ ಅವರು ಸೊಳ್ಳೆ ಪರದೆಯ ಬಟ್ಟೆಯನ್ನೇ ಮೆಶ್ ಆಗಿ ಬಳಸಿದ್ದು ನನಗೆ ಗೊತ್ತಿತ್ತು. ಮುಂದೆ ಬೇರೆ ಸಂಶೋಧಕರು ಉಗಾಂಡಾದಲ್ಲೇ 302 ಗಂಡಸರ ಮೇಲೆ ಎರಡನ್ನೂ ಹೋಲಿಸಿ ನೋಡಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ವರ್ಷದ ನಂತರ ಪರದೆ ಬಟ್ಟೆಯ ಗುಂಪಿನಲ್ಲಿ ಹರ್ನಿಯಾ ಮರುಕಳಿಸಿದ್ದು ಒಬ್ಬರಿಗೆ, ಕಂಪನಿ ಮೆಶ್ ಗುಂಪಿನಲ್ಲಿ ಯಾರಿಗೂ ಇಲ್ಲ. ಒಬ್ಬರಿಗೆ ಬೇಕಾದ ಆ ಬಟ್ಟೆಗೆ ಆಗ ಒಂದು ಡಾಲರ್ ಕೂಡ ಆಗುತ್ತಿರಲಿಲ್ಲ. ನನಗೆ ಧೈರ್ಯ ಬಂತು.

ರಜೆಗೆ ಹುಬ್ಬಳ್ಳಿಗೆ ಬಂದಾಗ ಕೀಟನಾಶಕ ಹಾಕದ ಪಾಲಿಎಥಿಲೀನ್ ಬಟ್ಟೆ ತಗೊಂಡು ಹೋದೆ. ಇದನ್ನು ಒತ್ತಿ ಹೇಳ್ತೀನಿ: ಮಲೇರಿಯಾಕ್ಕೆ ಹಂಚುವ ಔಷಧಿ ಹಾಕಿದ ಪರದೆ ಯಾವ ಕಾರಣಕ್ಕೂ ಬೇಡ. ತೊಳೆದು, 15 ಸೆಂ.ಮೀ. ಉದ್ದ 10 ಸೆಂ.ಮೀ. ಅಗಲದ ತುಂಡು ಮಾಡಿ, ಒಂದೊಂದನ್ನೇ ಪ್ಯಾಕ್ ಮಾಡಿ ಆಟೊಕ್ಲೇವ್‌ಗೆ, ಅಂದರೆ ಬಿಸಿ ಹಬೆಯಿಂದ ಕ್ರಿಮಿ ಕೊಲ್ಲುವ ಯಂತ್ರಕ್ಕೆ ಇಟ್ಟೆವು. ಮೊದಲ ಸಲ ಎಲ್ಲ ಹಾಳಾಯಿತು. ಉಳಿದ ಸಾಮಾನಿನ ಜೊತೆ 134 ಡಿಗ್ರಿಯಲ್ಲಿ ಇಟ್ಟಿದ್ದೆವು, ತೆಗೆದಾಗ ಬಟ್ಟೆ ಮುದುರಿ ಗಟ್ಟಿಯಾಗಿತ್ತು. ಆಮೇಲೆ 121 ಡಿಗ್ರಿಗೆ ಬೇರೆ ಸರದಿ ಮಾಡಿಕೊಂಡೆವು.

ಅರಿವಳಿಕೆ ಕೊಡುವವರು ಒಬ್ಬರೇ ಇದ್ದರು, ಸಿಸೇರಿಯನ್ ಬಂತೆಂದರೆ ಅವರು ಅಲ್ಲಿಗೇ ಓಡಬೇಕು. ಹಾಗಾಗಿ ಹರ್ನಿಯಾ ಎಲ್ಲ ಲೋಕಲ್‌ನಲ್ಲೇ, ಅಂದರೆ ಆ ಜಾಗಕ್ಕಷ್ಟೇ ಜೋಮು ಹಿಡಿಸುವ ಇಂಜೆಕ್ಷನ್ ಕೊಟ್ಟು ಮಾಡಿದೆವು. ಅದಕ್ಕೆ ಬಳಸುವ ಔಷಧಿ, ಅಡ್ರಿನಲಿನ್ ಇರುವ ಲಿಗ್ನೊಕೇನ್, ದೇಹದ ತೂಕದ ಪ್ರತಿ ಕೆಜಿಗೆ 7 ಮಿ.ಗ್ರಾಂ ಮೀರಬಾರದು. 60 ಕೆಜಿ ಮನುಷ್ಯನಿಗೆ 0.5 ಪರ್ಸೆಂಟ್ ದ್ರಾವಣ ಅಂದರೆ ಸುಮಾರು 80 ಎಂ.ಎಲ್., ಇಷ್ಟರಲ್ಲಿ ಆರಾಮಾಗಿ ಮುಗಿಯುತ್ತದೆ. ಕರೆಂಟ್ ಹೋದರೂ ಭಯವಿಲ್ಲ, ಹೆಡ್‌ಲ್ಯಾಂಪ್ ಸಾಕು, ರೋಗಿ ಮಾತಾಡ್ತಾನೇ ಇರ್ತಾರೆ.

ಯಾವ ಬಟ್ಟೆ ಹಾಕ್ತೀವಿ ಅಂತ ಪ್ರತಿಯೊಬ್ಬರಿಗೂ ಮೊದಲೇ ಹೇಳುತ್ತಿದ್ದೆ, ಕೈಗೆ ಕೊಟ್ಟು ತೋರಿಸುತ್ತಿದ್ದೆ. ಬಡವರು ಅಂತ ಸುಮ್ನೆ ಹಾಕಿಬಿಡುವುದು ತಪ್ಪು ಅಲ್ವಾ. ಬೇಡ ಅಂದವರು ಕಡಿಮೆ. ಜನರ ಚಿಂತೆಯೇ ಬೇರೆ ಇತ್ತು: ಎಷ್ಟು ದಿನ ಗುದ್ದಲಿ ಹಿಡಿಯಬಾರದು, ಜೊತೆಗೆ ಬಂದವರಿಗೆ ಅಡುಗೆ ಮಾಡಲು ಜಾಗ ಇದೆಯಾ, ವಾಪಸ್ ಹೋಗಲು ಬೈಕಿಗೆ ಎಷ್ಟು. ಅದಕ್ಕೇ ಸುಗ್ಗಿ ಮುಗಿದ ಮೇಲಿನ ವಾರಗಳಲ್ಲಿ ಸತತವಾಗಿ ಹರ್ನಿಯಾ ಇಟ್ಟುಕೊಂಡೆವು. ಬರುವವರು ಜಾಸ್ತಿಯಾದರು.

ಆಸ್ಪತ್ರೆಯ ಯುವ ಮೆಡಿಕಲ್ ಆಫೀಸರ್ ಮೊದಲು ನನ್ನ ಎದುರು ನಿಂತು ಸಹಾಯ ಮಾಡಿದರು. ಆಮೇಲೆ ಅವರು ಮಾಡಿದರು, ನಾನು ಸಹಾಯಕ್ಕೆ ನಿಂತೆ. ನಾನು ಹೊರಡುವ ಹೊತ್ತಿಗೆ ಒಬ್ಬರೇ ಮಾಡುತ್ತಿದ್ದರು. ಮೊನ್ನೆ ಫೋನ್ ಮಾಡಿದ್ದರು. "ಆ ರೈತರ ಹೆಂಡತಿ ತಮ್ಮನನ್ನು ಕರ್ಕೊಂಡು ಬಂದಿದ್ರು, ಅವನಿಗೂ ಹರ್ನಿಯಾ. ಆಪರೇಷನ್ ಆಯ್ತು, ಮನೆಗೆ ಹೋದ. ಬಟ್ಟೆ ಮುಗೀತಾ ಬಂತು ಡಾಕ್ಟರ್, ಕಳಿಸ್ತೀರಾ?" ಅಂದರು. ಇವತ್ತು ಹತ್ತು ಮೀಟರ್ ತಂದಿಟ್ಟಿದ್ದೀನಿ.